ಕಾನೂನು ಇದ್ದರೆ ಸಾಕಾ? ಅಫ್ಘಾನಿಸ್ತಾನದ ಜನ ನ್ಯಾಯ ಕಂಡ ಬಗೆ

ಕೋರ್ಟು ಕಚೇರಿ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಕನ್ನಡ ಪದಗಳನ್ನು ಒಮ್ಮೆ ಪಟ್ಟಿ ಮಾಡಿ ನೋಡಿ. ಕಾನೂನು, ಕಾಯಿದೆ, ವಕೀಲ, ಫಿರ್ಯಾದಿ, ಜಾಮೀನು, ಅರ್ಜಿ, ಹಕ್ಕು, ರಾಜಿ, ಅದಾಲತ್. ಇವೆಲ್ಲ ಅರಬಿ, ಪಾರಸಿ ಮೂಲದಿಂದ ಬಂದು ಇಲ್ಲಿಯವೇ ಆಗಿಹೋದ ಪದಗಳು. ಕಾಬೂಲಿನ ಬೀದಿಯಲ್ಲಿ ಆಡುವ ದರಿ ಭಾಷೆಯೂ ಪಾರಸಿಯ ಒಂದು ರೂಪ. ಅಲ್ಲೂ ಕಾನೂನಿಗೆ 'ಕಾನೂನ್' ಅಂತಲೇ ಹೇಳ್ತಾರೆ, ಹಕ್ಕಿಗೆ 'ಹಕ್'. ಆಸ್ತಿ, ಸಾಲ, ಸಂಸಾರದ ತಕರಾರುಗಳನ್ನು ನೋಡುತ್ತಿದ್ದ ಅಲ್ಲಿನ ತಾಲೂಕು ಮಟ್ಟದ ಸರ್ಕಾರಿ ಕಚೇರಿಯ ಹೆಸರು 'ಹುಕೂಕ್'. ಅದು 'ಹಕ್' ಪದದ ಬಹುವಚನ, ಅಂದ್ರೆ 'ಹಕ್ಕುಗಳು'.

ಪದಗಳು ಹತ್ತಿರದವು. ಆದರೆ ಆ ಕಚೇರಿಯ ಬಾಗಿಲಿಗೆ ಹೋದ ಒಬ್ಬ ಅಫ್ಘನ್ ರೈತನಿಗೆ, ಒಬ್ಬ ಅಫ್ಘನ್ ಹೆಣ್ಣುಮಗಳಿಗೆ ಏನು ಸಿಕ್ಕಿತು? ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದ ಅಫ್ಘನ್ ವಿದ್ಯಾರ್ಥಿಗಳು ಎಷ್ಟೋ ವರ್ಷಗಳಿಂದ ಓದುತ್ತಿದ್ದಾರೆ. ಅವರ ದೇಶದ ಬಗ್ಗೆ ನಮಗೆ ಗೊತ್ತಿರೋದು ಹೆಚ್ಚಾಗಿ ಬಾಂಬು, ಬಂದೂಕು, ಕ್ರಿಕೆಟ್ಟು. ಈ ಪಾಠದಲ್ಲಿ ಅದನ್ನು ಬಿಟ್ಟು ಬೇರೆ ಒಂದು ಪ್ರಶ್ನೆ ಹಿಡಿಯೋಣ: ಒಂದು ದೇಶದಲ್ಲಿ ಕಾನೂನು ಬರೆದಿಟ್ಟಿದ್ದರೆ ಸಾಕಾ? ಅದು ಜನರಿಗೆ ತಲುಪಿದೆ ಅಂತ ಹೇಗೆ ಅಳೆಯೋದು?

ಕಾನೂನು ಬೇರೆ, ಕಾನೂನಿನ ಆಳ್ವಿಕೆ ಬೇರೆ

ಮೊದಲು ವ್ಯಾಖ್ಯೆ. ಕಾನೂನು ಅಂದ್ರೆ ನಿಯಮ. ಕಾನೂನಿನ ಆಳ್ವಿಕೆ ಅಂದ್ರೆ ಆ ನಿಯಮ ಎಲ್ಲರ ಮೇಲೂ, ನಿಯಮ ಮಾಡಿದವನ ಮೇಲೂ, ಒಂದೇ ಥರ ನಡೆಯೋದು. ಸರ್ವಾಧಿಕಾರಿಯ ರಾಜ್ಯದಲ್ಲೂ ಕಾನೂನು ಇರುತ್ತೆ. ಅಲ್ಲಿ ಇಲ್ಲದಿರೋದು ಎರಡನೆಯದು.

ಇದನ್ನು ಅಳೆಯಲು ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಎಂಟು ಅಂಶಗಳನ್ನು ಇಟ್ಟುಕೊಂಡಿದೆ. ಸರ್ಕಾರದ ಅಧಿಕಾರಕ್ಕೆ ಮಿತಿ ಇದೆಯಾ, ಭ್ರಷ್ಟಾಚಾರ ಎಷ್ಟಿದೆ, ಆಡಳಿತ ತೆರೆದಿದೆಯಾ, ಮೂಲಭೂತ ಹಕ್ಕುಗಳು, ಶಾಂತಿ ಸುವ್ಯವಸ್ಥೆ, ನಿಯಮಗಳ ಜಾರಿ, ಸಿವಿಲ್ ನ್ಯಾಯ, ಕ್ರಿಮಿನಲ್ ನ್ಯಾಯ. ಎಂಟನ್ನೂ ನೆನಪಿಡೋದು ಕಷ್ಟ. ಹಾಗಾಗಿ ನಾವು ಈ ಲೇಖನದ ಮಟ್ಟಿಗೆ ಮೂರು ಸರಳ ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ.

ಒಂದು, ಸಾಮಾನ್ಯ ಮನುಷ್ಯ ಅಲ್ಲಿಗೆ ಹೋಗಿ ಮುಟ್ಟಬಹುದಾ? ಎರಡು, ತೀರ್ಪು ಬಂದ ಮೇಲೆ ಅದು ಜಾರಿಯಾಗುತ್ತಾ? ಮೂರು, ಬಲವಿರುವವನನ್ನೂ ಅದು ಕಟ್ಟಿಹಾಕುತ್ತಾ?

ಕಾಗದದ ಮೇಲೆ ಏನೂ ಕೊರತೆ ಇರಲಿಲ್ಲ

ಅಫ್ಘಾನಿಸ್ತಾನದಲ್ಲಿ ಕಾನೂನೇ ಇರಲಿಲ್ಲ ಅನ್ನೋದು ತಪ್ಪು ಕಲ್ಪನೆ. 1880ರಿಂದ 1901ರವರೆಗೆ ಆಳಿದ ಅಮೀರ್ ಅಬ್ದುರ್ ರಹಮಾನ್ ಖಾನ್ ಕಾಲದಲ್ಲೇ ನ್ಯಾಯಾಧೀಶರಿಗೆಂದು ಕೈಪಿಡಿ ಬರೆಸಲಾಗಿತ್ತು. 1923ರಲ್ಲಿ ಅಮಾನುಲ್ಲಾ ಖಾನ್ ಕಾಲದಲ್ಲಿ ದೇಶದ ಮೊದಲ ಸಂವಿಧಾನ ಬಂತು. 1964ರಲ್ಲಿ ದೊರೆ ಜಹೀರ್ ಶಾ ಕಾಲದಲ್ಲಿ ಇನ್ನೊಂದು. 1976ರಲ್ಲಿ ದಂಡ ಸಂಹಿತೆ, 1977ರಲ್ಲಿ ಸಿವಿಲ್ ಸಂಹಿತೆ.

ಆಮೇಲೆ ಯುದ್ಧಗಳು. 1979ರಲ್ಲಿ ಸೋವಿಯತ್ ಸೇನೆ ಬಂತು, 1989ರಲ್ಲಿ ಹೋಯಿತು. ನಂತರ ಸಶಸ್ತ್ರ ಗುಂಪುಗಳ ನಡುವಿನ ಕಾದಾಟ, 1996ರಿಂದ 2001ರವರೆಗೆ ತಾಲಿಬಾನ್‌ನ ಮೊದಲ ಆಡಳಿತ. ಅದು ಬಿದ್ದ ಮೇಲೆ 2004ರಲ್ಲಿ ಹೊಸ ಸಂವಿಧಾನ ಬಂತು. ಅದರ 22ನೇ ವಿಧಿ ಗಂಡು ಹೆಣ್ಣು ಇಬ್ಬರಿಗೂ ಕಾನೂನಿನ ಮುಂದೆ ಸಮಾನ ಹಕ್ಕು ಅಂತ ಹೇಳಿತು. 31ನೇ ವಿಧಿ ಬಂಧನವಾದ ಕೂಡಲೇ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿತು. ಇಸ್ಲಾಮಿಗೆ ವಿರುದ್ಧವಾದ ಕಾನೂನು ಇರಕೂಡದು ಅಂತ 3ನೇ ವಿಧಿಯಲ್ಲೂ, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಪಾಲಿಸಬೇಕು ಅಂತ 7ನೇ ವಿಧಿಯಲ್ಲೂ ಬರೆದರು. ಒಂಬತ್ತು ಸದಸ್ಯರ ಸುಪ್ರೀಂ ಕೋರ್ಟ್, ಅದರ ಕೆಳಗೆ ಮೇಲ್ಮನವಿ ಕೋರ್ಟುಗಳು, ಅದರ ಕೆಳಗೆ ಪ್ರಾಥಮಿಕ ಕೋರ್ಟುಗಳು. ನಕ್ಷೆ ಚೆನ್ನಾಗಿಯೇ ಇತ್ತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಡ್ರಾಯಿಂಗ್ ಪಾಸಾಗಿತ್ತು. ಸೈಟಿನಲ್ಲಿ ಏನಾಯಿತು ಅನ್ನೋದನ್ನು ಈಗ ನೋಡೋಣ.

ಒಂದು ಜಮೀನು, ಮೂರು ಬಾಗಿಲು

ಅರ್ಥ ಮಾಡಿಕೊಳ್ಳಲು ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ನಂಗರ್‌ಹಾರ್ ಪ್ರಾಂತ್ಯದವನು. ಯುದ್ಧಕ್ಕೆ ಹೆದರಿ ಪೇಶಾವರಕ್ಕೆ ಓಡಿಹೋಗಿ ಇಪ್ಪತ್ತು ವರ್ಷ ಅಲ್ಲೇ ಇದ್ದು 2000ದ ದಶಕದಲ್ಲಿ ಮನೆಮಂದಿಯ ಜೊತೆ ಊರಿಗೆ ಬರ್ತಾನೆ. ನೋಡಿದರೆ ಅವನಪ್ಪನ ಹೊಲವನ್ನು ಇನ್ನೊಂದು ಕುಟುಂಬ ಉಳುತ್ತಿದೆ. ಕೇಳಿದರೆ ಅವರ ಕೈಯಲ್ಲೂ ಒಂದು ಕಾಗದ ಇದೆ!

ಇವನು ಕಲ್ಪನೆಯ ಮನುಷ್ಯ, ಆದರೆ ಈ ಕಷ್ಟ ಕಲ್ಪನೆಯಲ್ಲ. 2002ರ ನಂತರ ಐವತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಅಫ್ಘಾನಿಸ್ತಾನಕ್ಕೆ ಮರಳಿದರು. ಅಷ್ಟರಲ್ಲಿ ಒಂದರ ಹಿಂದೆ ಒಂದು ಬಂದ ಸರ್ಕಾರಗಳು ಜಮೀನನ್ನು ತಮಗೆ ಬೇಕಾದವರಿಗೆ ಹಂಚಿದ್ದವು. ಬಂದೂಕು ಹಿಡಿದವರು ಒತ್ತುವರಿ ಮಾಡಿದ್ದರು. ಹಕ್ಕುಪತ್ರದ ಪ್ರತಿಗಳನ್ನು ಪ್ರಾಂತ್ಯದ ಕೋರ್ಟಿನ ದಾಖಲೆ ಕೋಣೆಯಲ್ಲಿ ಇಡುವ ಪದ್ಧತಿ ಅಲ್ಲಿಯದು. ಯುದ್ಧದಲ್ಲಿ ಅಂಥ ದಾಖಲೆಗಳು ಎಷ್ಟೋ ಹಾಳಾದವು. ಹಳ್ಳಿಗಳಲ್ಲಂತೂ ಹೆಚ್ಚಿನವರ ಬಳಿ ಇದ್ದದ್ದು 'ಉರ್ಫಿ' ಪತ್ರ. ಅಂದ್ರೆ ಊರ ಹಿರಿಯರ ಹೆಬ್ಬೆಟ್ಟು ಇರುವ, ಸರ್ಕಾರದಲ್ಲಿ ನೋಂದಣಿ ಆಗದ ಕಾಗದ. ನಮ್ಮಲ್ಲಿ ಪಹಣಿ ಇಲ್ಲದೆ ಬರೀ ಕೈಬರಹದ ಪತ್ರ ಹಿಡಿದು ಹೊಲ ನನ್ನದು ಅನ್ನೋ ಹಾಗೆ.

ಈಗ ಇವನು ಎಲ್ಲಿಗೆ ಹೋಗಬೇಕು? ಅವನ ಮುಂದೆ ಮೂರು ಬಾಗಿಲು ಇದ್ದವು.

ಮೊದಲ ಬಾಗಿಲು: ಸರ್ಕಾರಿ ಕೋರ್ಟು

ಕೋರ್ಟು ತಾಲೂಕು ಕೇಂದ್ರದಲ್ಲಿ. ದಾರಿ ಸುರಕ್ಷಿತವಲ್ಲ. ಯುದ್ಧ ಇರುವ ಕಡೆ ನ್ಯಾಯಾಧೀಶರೇ ಊರಲ್ಲಿ ಇರದೆ ಪ್ರಾಂತ್ಯದ ರಾಜಧಾನಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಹೋಗಿ ಮುಟ್ಟಿದರೆ ಅಲ್ಲಿ 'ಶಿರಿನಿ' ಕೇಳ್ತಾರೆ. ಶಿರಿನಿ ಅಂದ್ರೆ ಸಿಹಿತಿಂಡಿ. ನಮ್ಮಲ್ಲಿ ಕೈ ಬಿಸಿ ಮಾಡೋದು ಅಂತೀವಲ್ಲ, ಅದೇ. ಜೊತೆಗೆ 'ವಾಸಿತಾ' ಬೇಕು, ಅಂದ್ರೆ ಒಳಗೆ ಪರಿಚಯದವರು, ಶಿಫಾರಸು.

ಇದು ಬರೀ ಬಾಯಿಮಾತಿನ ದೂರು ಅಲ್ಲ, ಇದಕ್ಕೆ ಲೆಕ್ಕ ಇದೆ. ಮಾದಕವಸ್ತು ಮತ್ತು ಅಪರಾಧ ಕುರಿತ ವಿಶ್ವಸಂಸ್ಥೆಯ ಕಚೇರಿ 2010ರ ಜನವರಿಯಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. 12 ಪ್ರಾಂತ್ಯ ರಾಜಧಾನಿಗಳಲ್ಲಿ, 1,600ಕ್ಕೂ ಹೆಚ್ಚು ಹಳ್ಳಿಗಳಲ್ಲಿ 7,600 ಮಂದಿಯನ್ನು ಮಾತಾಡಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರು ಸರ್ಕಾರಿ ನೌಕರನಿಗೆ ಒಮ್ಮೆಯಾದರೂ ಲಂಚ ಕೊಟ್ಟಿದ್ದರು. ಸರಾಸರಿ ಲಂಚ 160 ಡಾಲರ್. ಆಗ ದೇಶದ ತಲಾ ವಾರ್ಷಿಕ ಉತ್ಪನ್ನ ಸುಮಾರು 425 ಡಾಲರ್. ಭಾಗಿಸಿ ನೋಡಿ, ಒಂದು ಲಂಚ ಅಂದ್ರೆ ನಾಲ್ಕೂವರೆ ತಿಂಗಳ ಉತ್ಪನ್ನಕ್ಕೆ ಸಮ. ಇಡೀ ದೇಶದ ಒಂದು ವರ್ಷದ ಲಂಚದ ಮೊತ್ತ ಸುಮಾರು 250 ಕೋಟಿ ಡಾಲರ್ ಅಂತ ಅಂದಾಜಿಸಿದರು. ಅದು ಒಟ್ಟು ದೇಶೀಯ ಉತ್ಪನ್ನದ ಶೇ. 23ರಷ್ಟು. ಅಫೀಮಿನ ವಹಿವಾಟಿನ ಅಂದಾಜು 280 ಕೋಟಿ ಡಾಲರ್ ಇತ್ತು. ಎರಡೂ ಹತ್ತಿರ ಹತ್ತಿರ!

ಇನ್ನೂ ಒಂದು ಅಂಕಿ ಗಮನಿಸಬೇಕು. ದೇಶದ ದೊಡ್ಡ ಸಮಸ್ಯೆ ಯಾವುದು ಅಂತ ಕೇಳಿದಾಗ ಶೇ. 59 ಮಂದಿ ಭ್ರಷ್ಟಾಚಾರ ಅಂದರು. ಅಭದ್ರತೆ ಅಂದವರು ಶೇ. 54, ನಿರುದ್ಯೋಗ ಅಂದವರು ಶೇ. 52. ಯುದ್ಧ ನಡೆಯುತ್ತಿರುವ ದೇಶದಲ್ಲಿ ಜನ ಬಾಂಬಿಗಿಂತ ಲಂಚವನ್ನು ಮೊದಲು ಹೇಳಿದರು. 2012ರಲ್ಲಿ ಮತ್ತೆ ಅಳೆದಾಗಲೂ ಅರ್ಧದಷ್ಟು ಜನ ಲಂಚ ಕೊಟ್ಟಿದ್ದರು, ಒಟ್ಟು ಮೊತ್ತ ಮಾತ್ರ 390 ಕೋಟಿ ಡಾಲರಿಗೆ ಏರಿತ್ತು.

ನಮ್ಮ ರೈತನ ಲೆಕ್ಕಾಚಾರ ಈಗ ಅರ್ಥ ಆಗುತ್ತೆ. ಎದುರು ಪಾರ್ಟಿ ತನಗಿಂತ ಹೆಚ್ಚು ಕೊಟ್ಟರೆ? ಕೋರ್ಟಿಗೆ ಹೋದವನು ಗೆದ್ದರೆ ಸೋತ, ಸೋತರೆ ಸತ್ತ ಅನ್ನೋ ಮಾತು ನಮ್ಮಲ್ಲೂ ಇದೆಯಲ್ಲ.

ಎರಡನೇ ಬಾಗಿಲು: ಜಿರ್ಗಾ

ಪಶ್ತೂನರಲ್ಲಿ ಜಿರ್ಗಾ, ಬೇರೆ ಕಡೆ ಶೂರಾ. ಊರ ಹಿರಿಯರು ಸೇರಿ ಜಗಳ ಬಗೆಹರಿಸುವ ಸಭೆ. ಹಿರಿಯರನ್ನು ದರಿಯಲ್ಲಿ 'ರಿಶ್‌ಸಫೇದ್' ಅಂತಾರೆ, ಬಿಳಿ ಗಡ್ಡದವರು ಅಂತ ಅರ್ಥ. ಕಾಬೂಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಕೇಂದ್ರ ವಿಶ್ವಸಂಸ್ಥೆಯ ನೆರವಿನಿಂದ 2007ರಲ್ಲಿ ತಂದ ಮಾನವ ಅಭಿವೃದ್ಧಿ ವರದಿಯ ಅಂದಾಜಿನ ಪ್ರಕಾರ ದೇಶದ ವ್ಯಾಜ್ಯಗಳಲ್ಲಿ ಸುಮಾರು ಶೇ. 80 ಬಗೆಹರಿಯುತ್ತಿದ್ದದ್ದು ಇಂಥ ಸಭೆಗಳಲ್ಲೇ.

ಇದನ್ನು ಹಿಂದುಳಿದ ಪದ್ಧತಿ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ, ಯಾಕಂದ್ರೆ ಅದರೊಳಗೆ ಒಂದು ಯಂತ್ರ ಇದೆ. ಮೊದಲು ಎರಡೂ ಕಡೆಯವರು ಹಿರಿಯರಿಗೆ 'ವಾಕ್' ಕೊಡಬೇಕು. ಅಂದ್ರೆ ನಮ್ಮ ವಿಷಯ ತೀರ್ಮಾನಿಸುವ ಅಧಿಕಾರ ನಿಮಗೆ ಕೊಟ್ಟಿದ್ದೇವೆ ಅನ್ನೋ ಒಪ್ಪಿಗೆ. ಆಮೇಲೆ 'ಮಚಲ್ಗಾ' ಅನ್ನೋ ಠೇವಣಿ. ಹಣವೋ, ಬಂದೂಕೋ, ಜಾನುವಾರೋ ಇಡಬೇಕು. ತೀರ್ಮಾನಕ್ಕೆ ತಪ್ಪಿದರೆ ಅದು ಹೋಯಿತು. ಜಾರಿಗೆ ಪೊಲೀಸ್ ಬೇಡ, ಠೇವಣಿ ಮತ್ತು ಊರವರ ಮುಂದೆ ಮಾನ ಇವೆರಡೇ ಸಾಕು. ಯಾವ ತಪ್ಪಿಗೆ ಎಷ್ಟು ಪರಿಹಾರ ಅನ್ನೋದಕ್ಕೆ 'ನಿರ್ಖ್' ಅನ್ನೋ ರೂಢಿಯ ದರಪಟ್ಟಿ ಇರುತ್ತೆ. ಊರಲ್ಲೇ ನಡೆಯುತ್ತೆ, ಮಾತು ಅರ್ಥವಾಗುತ್ತೆ, ಬೇಗ ಮುಗಿಯುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ ನಾಳೆ ಮತ್ತೆ ಒಂದೇ ಕಾಲುವೆಯ ನೀರು ಹಂಚಿಕೊಳ್ಳಬೇಕಾದವರ ನಡುವೆ ರಾಜಿ ಮಾಡಿಸುತ್ತೆ. ನಮ್ಮ ಮೊದಲ ಎರಡು ಪ್ರಶ್ನೆಗೆ ಜಿರ್ಗಾ ಒಳ್ಳೆಯ ಉತ್ತರವನ್ನೇ ಕೊಡುತ್ತೆ.

ಮೂರನೆಯ ಪ್ರಶ್ನೆಯಲ್ಲಿ ತೊಡಕು. ಸಭೆಯಲ್ಲಿ ಕೂರುವವರು ಗಂಡಸರು. ಊರ ಬಲಾಢ್ಯ ಮನೆಯವನೇ ಎದುರಾಳಿಯಾದರೆ ಹಿರಿಯರ ಬಾಯಿ ಕಟ್ಟುತ್ತೆ. ಇನ್ನೂ ಭೀಕರವಾದದ್ದು 'ಬಾದ್'. ಒಂದು ಕುಟುಂಬದವನು ಕೊಲೆ ಮಾಡಿದರೆ ಸೇಡು ಮುಂದುವರಿಯದಿರಲಿ ಅಂತ ಆ ಕುಟುಂಬದ ಹುಡುಗಿಯನ್ನು ಸತ್ತವನ ಕುಟುಂಬಕ್ಕೆ ಮದುವೆ ಮಾಡಿ ಕೊಟ್ಟುಬಿಡೋದು. ಊರಿಗೆ ಶಾಂತಿ ಸಿಗುತ್ತೆ. ಅದರ ಬೆಲೆ ತೆರುವವಳು ಏನೂ ತಪ್ಪು ಮಾಡದ ಹುಡುಗಿ, ಅವಳನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ಮೂರನೇ ಬಾಗಿಲು: ತಾಲಿಬಾನ್ ಕೋರ್ಟು

1994ರಲ್ಲಿ ಕಂದಹಾರ್‌ನಲ್ಲಿ ಹುಟ್ಟಿದಾಗಿನಿಂದಲೂ ತಾಲಿಬಾನ್‌ನ ದೊಡ್ಡ ಬಂಡವಾಳ ನ್ಯಾಯ ಕೊಡ್ತೀವಿ ಅನ್ನೋ ಮಾತು. 2001ರಲ್ಲಿ ಅಧಿಕಾರ ಹೋದ ಮೇಲೆ ಬಂಡಾಯ ಶುರು ಮಾಡಿದವರು ಬಂದೂಕಿನ ಜೊತೆಗೇ ನ್ಯಾಯಾಧೀಶರನ್ನೂ ಕಳಿಸಿದರು. ಊರೂರಿಗೆ ಬೈಕಿನಲ್ಲಿ ಬರುವ ಖಾಜಿ, ಮಸೀದಿಯಲ್ಲೋ ಯಾರದೋ ಮನೆಯಲ್ಲೋ ವಿಚಾರಣೆ, ಕೆಲವೇ ದಿನಗಳಲ್ಲಿ ತೀರ್ಪು. ಶಿರಿನಿ ಕೇಳುವುದು ಕಮ್ಮಿ. ತೀರ್ಪು ಕೊಟ್ಟರೆ ಅದನ್ನು ಮೀರುವ ಧೈರ್ಯ ಯಾರಿಗೂ ಇಲ್ಲ. ಸರ್ಕಾರದ ಹಿಡಿತದಲ್ಲಿರುವ ಊರುಗಳಿಂದಲೂ ಜನ ಜಮೀನಿನ ತಕರಾರು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು.

ಇದನ್ನು ನೋಡಿ ಅಲ್ಲಿನ ಜನಕ್ಕೆ ಅಂಥ ಆಡಳಿತವೇ ಇಷ್ಟ ಅಂತ ಹೇಳಿಬಿಡೋದು ಸುಲಭ. ಆದರೆ ನಮ್ಮ ರೈತನ ಜಾಗದಲ್ಲಿ ನಿಂತು ನೋಡಿ. ಒಂದು ಕಡೆ ವರ್ಷಗಟ್ಟಲೆ ಅಲೆದಾಟ ಮತ್ತು ಲಂಚ, ಇನ್ನೊಂದು ಕಡೆ ವಾರದಲ್ಲಿ ತೀರ್ಪು. ಅವನು ಆರಿಸಿದ್ದು ಸಿದ್ಧಾಂತವನ್ನಲ್ಲ, ಖರ್ಚನ್ನು ಮತ್ತು ಸಮಯವನ್ನು. ಅದೇ ಕೋರ್ಟಿನಲ್ಲಿ ಸರ್ಕಾರಿ ನೌಕರನೊಬ್ಬ 'ಗೂಢಚಾರ' ಅನ್ನೋ ಆರೋಪ ಹೊತ್ತು ನಿಂತರೆ ಅವನಿಗೆ ವಕೀಲರು ಇರುತ್ತಿರಲಿಲ್ಲ. ಗಂಡನ ಏಟು ತಿಂದ ಹೆಂಡತಿ ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ತೀರ್ಪು ಕೊಡುವ ಸಂಘಟನೆಯ ಕಮಾಂಡರ್ ಮೇಲೆಯೇ ದೂರು ಇದ್ದರೆ ಆಮೇಲೆ ಯಾರ ಹತ್ತಿರ ಹೋಗೋದು?

ಎರಡು ಕೇಸುಗಳು: ವೇಗ ಮತ್ತು ನ್ಯಾಯ

ಕಾಬೂಲಿನ ಕೋರ್ಟುಗಳು ಯಾವಾಗಲೂ ನಿಧಾನವಾಗಿರಲಿಲ್ಲ. ಬೇಕೆಂದಾಗ ಓಡಿದ್ದೂ ಉಂಟು. ಅಲ್ಲೂ ಪಾಠ ಇದೆ.

2014ರ ಆಗಸ್ಟ್‌ನಲ್ಲಿ ಕಾಬೂಲಿನ ಹತ್ತಿರದ ಪಗ್ಮಾನ್‌ನಲ್ಲಿ ಮದುವೆ ಮುಗಿಸಿ ಬರುತ್ತಿದ್ದವರ ಕಾರುಗಳನ್ನು ಪೊಲೀಸ್ ಸಮವಸ್ತ್ರದಲ್ಲಿದ್ದ ಶಸ್ತ್ರಧಾರಿಗಳು ತಡೆದು ಹೆಂಗಸರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ದೇಶ ಕೆರಳಿತು. ಸರಿಯಾಗಿಯೇ ಕೆರಳಿತು. ವಿಚಾರಣೆ ಟೀವಿಯಲ್ಲಿ ಪ್ರಸಾರವಾಯಿತು, ಕೆಲವೇ ಗಂಟೆಗಳಲ್ಲಿ ಮುಗಿದು ಏಳು ಮಂದಿಗೆ ಮರಣದಂಡನೆ ಆಯಿತು. ತೀರ್ಪಿಗೆ ಮೊದಲೇ ಅಧ್ಯಕ್ಷ ಹಮೀದ್ ಕರ್ಜಾಯಿ ಗಲ್ಲು ಶಿಕ್ಷೆಯ ಮಾತಾಡಿದ್ದರು. ಅಕ್ಟೋಬರ್ 8ರಂದು ಐವರನ್ನು ಗಲ್ಲಿಗೇರಿಸಲಾಯಿತು. ಘಟನೆ ನಡೆದು ಏಳು ವಾರವೂ ಆಗಿರಲಿಲ್ಲ. ಆರೋಪಿಗಳಿಗೆ ತಮ್ಮ ಪರ ವಾದಿಸಲು ಸಾಕಷ್ಟು ಅವಕಾಶ ಸಿಗಲಿಲ್ಲ ಅಂತ ಮಾನವ ಹಕ್ಕು ಸಂಸ್ಥೆಗಳು ಆಕ್ಷೇಪಿಸಿದವು. ಜನಕ್ಕೆ ಸಮಾಧಾನ ಆಯಿತು, ನಿಜ. ಆದರೆ ಸರಿಯಾದವರಿಗೇ ಶಿಕ್ಷೆ ಆಯಿತಾ ಅನ್ನೋದನ್ನು ಪರೀಕ್ಷಿಸಲು ಇರುವ ವಿಧಾನವೇ ವಿಚಾರಣೆ. ಅದನ್ನು ಕೆಲವೇ ಗಂಟೆಗೆ ಇಳಿಸಿದರೆ ಸಂತ್ರಸ್ತೆಯರಿಗೂ ನ್ಯಾಯದ ಖಾತ್ರಿ ಸಿಗುವುದಿಲ್ಲ.

ಎರಡನೆಯದು ಫರ್ಖುಂದಾ ಮಲಿಕ್‌ಜಾದಾ ಅವರದು. 2015ರ ಮಾರ್ಚ್ 19, ಕಾಬೂಲಿನ ಶಾ ದೋ ಶಂಶೀರಾ ದರ್ಗಾದ ಬಳಿ. 27 ವರ್ಷದ ಈ ಯುವತಿ ತಾಯತ ಮಾರುವುದರ ಬಗ್ಗೆ ವಾದ ಮಾಡಿದಾಗ ಅವರ ಮೇಲೆ ಕುರಾನ್ ಸುಟ್ಟ ಆರೋಪ ಹೊರಿಸಲಾಯಿತು. ಸುಳ್ಳು ಆರೋಪ. ಗುಂಪು ಸೇರಿತು, ಹೊಡೆದು ಕೊಂದಿತು, ನದಿಯ ಬದಿಯಲ್ಲಿ ಶವವನ್ನು ಸುಟ್ಟಿತು. ಹಾಡಹಗಲು, ಪೊಲೀಸರ ಎದುರಿಗೆ, ಮೊಬೈಲುಗಳಲ್ಲಿ ವಿಡಿಯೋ ಆಗುತ್ತಿರುವಾಗ. ಕುರಾನ್ ಸುಟ್ಟದ್ದಕ್ಕೆ ಯಾವ ಪುರಾವೆಯೂ ಇಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಅಂತ್ಯಸಂಸ್ಕಾರದ ದಿನ ಅಲ್ಲಿನ ರೂಢಿಯನ್ನು ಮುರಿದು ಹೆಂಗಸರೇ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತರು.

49 ಮಂದಿಯ ಮೇಲೆ ವಿಚಾರಣೆ ನಡೆಯಿತು, ಅದರಲ್ಲಿ 19 ಮಂದಿ ಪೊಲೀಸರು. ಮೇ ತಿಂಗಳಲ್ಲಿ ನಾಲ್ವರಿಗೆ ಮರಣದಂಡನೆ, 11 ಪೊಲೀಸರಿಗೆ ಒಂದು ವರ್ಷ ಶಿಕ್ಷೆ. ಜುಲೈನಲ್ಲಿ ಮೇಲ್ಮನವಿ ಕೋರ್ಟು ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಮರಣದಂಡನೆಗಳನ್ನು ರದ್ದು ಮಾಡಿತು. ಮೂವರಿಗೆ 20 ವರ್ಷ, ಒಬ್ಬನಿಗೆ 10 ವರ್ಷ ಜೈಲು. ಗಲ್ಲು ಶಿಕ್ಷೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು, ಮೊದಲ ವಿಚಾರಣೆ ಟೀವಿಯಲ್ಲಿ, ಎರಡನೆಯದು ಮುಚ್ಚಿದ ಬಾಗಿಲ ಹಿಂದೆ. ರಕ್ಷಿಸಬೇಕಿದ್ದ ಪೊಲೀಸರಿಗೆ ಆದದ್ದು ಹೆಚ್ಚೆಂದರೆ ಒಂದು ವರ್ಷ.

ಹೆಣ್ಣಿಗೆ ಬರೆದ ಕಾನೂನು, ಹೆಣ್ಣಿಗೆ ಸಿಕ್ಕ ಕಾನೂನು

2009ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಮಹಿಳೆಯರ ಮೇಲಿನ ಹಿಂಸೆ ತಡೆಯುವ ಕಾನೂನು ಬಂತು. ಅತ್ಯಾಚಾರ, ಬಾಲ್ಯವಿವಾಹ, ಬಲವಂತದ ಮದುವೆ, ಹೊಡೆತ, ಬಾದ್ ಸೇರಿ 22 ಕೃತ್ಯಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. 2013ರಲ್ಲಿ ಅದನ್ನು ಸಂಸತ್ತಿನಲ್ಲಿ ಅಂಗೀಕರಿಸಲು ಪ್ರಯತ್ನಿಸಿದಾಗ ವಿರೋಧ ಎಷ್ಟಿತ್ತೆಂದರೆ ಚರ್ಚೆಯನ್ನೇ ನಿಲ್ಲಿಸಬೇಕಾಯಿತು. ಅದು ಆದೇಶವಾಗಿಯೇ ಉಳಿಯಿತು.

ಜಾರಿ ಹೇಗಿತ್ತು? ಹೆಣ್ಣುಮಗಳು ದೂರು ತಂದರೆ ಮನೆಗೆ ಹೋಗಿ ರಾಜಿ ಮಾಡಿಕೋ ಅಂತ ಕಳಿಸುವುದು ಸಾಮಾನ್ಯವಾಗಿತ್ತು. ವಿಶ್ವಸಂಸ್ಥೆಯ ಅಫ್ಘಾನಿಸ್ತಾನ ಮಿಷನ್ 2018ರ ವರದಿಯಲ್ಲಿ 2016 ಮತ್ತು 2017ರ 280 ಮಹಿಳೆಯರ ಕೊಲೆ ಪ್ರಕರಣಗಳನ್ನು ದಾಖಲಿಸಿತು. ಅಪರಾಧ ಸಾಬೀತಾಗಿ ಜೈಲು ಶಿಕ್ಷೆ ಆದದ್ದು 50ರಲ್ಲಿ ಮಾತ್ರ. ಇನ್ನೊಂದು ಕಡೆ, ಮನೆ ಬಿಟ್ಟು ಓಡಿಹೋದದ್ದು ಅಪರಾಧ ಅಂತ ದಂಡ ಸಂಹಿತೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೂ 2012ರಲ್ಲಿ ಸುಮಾರು 400 ಹೆಂಗಸರು, ಹುಡುಗಿಯರು 'ನೈತಿಕ ಅಪರಾಧ'ದ ಹೆಸರಲ್ಲಿ ಜೈಲಿನಲ್ಲಿದ್ದರು ಅಂತ ಹ್ಯೂಮನ್ ರೈಟ್ಸ್ ವಾಚ್ ಅಂದಾಜಿಸಿತ್ತು. ಅವರಲ್ಲಿ ಎಷ್ಟೋ ಮಂದಿ ಬಲವಂತದ ಮದುವೆಯಿಂದ, ಹೊಡೆತದಿಂದ ತಪ್ಪಿಸಿಕೊಂಡು ಬಂದವರು.

ಅಂದ್ರೆ ಬರೆದ ಅಪರಾಧಕ್ಕೆ ಶಿಕ್ಷೆ ಇಲ್ಲ, ಬರೆಯದ ಅಪರಾಧಕ್ಕೆ ಜೈಲು. ಕಾನೂನು ಮತ್ತು ಕಾನೂನಿನ ಆಳ್ವಿಕೆಯ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾ?

ಸಮೀಕ್ಷೆಗಳನ್ನು ಓದುವ ಬಗೆ

ಡೇಟಾ ನೋಡಿದ ಕೂಡಲೇ ನಂಬುವ ಅಭ್ಯಾಸ ನಮಗೆ ಇರಬಾರದು, ಹಾಗಾಗಿ ಇದು ಒಂದು ಸಣ್ಣ ಉಪಪಾಠ. ಏಷ್ಯಾ ಫೌಂಡೇಶನ್ 2004ರಲ್ಲಿ ಶುರು ಮಾಡಿ 2019ರವರೆಗೆ ಅಫ್ಘನ್ ಜನಾಭಿಪ್ರಾಯದ ಸಮೀಕ್ಷೆಗಳನ್ನು ನಡೆಸಿತು. 2019ರಲ್ಲಿ 34 ಪ್ರಾಂತ್ಯಗಳ 17,812 ಮಂದಿಯನ್ನು ಮಾತಾಡಿಸಿದರು. ಹೆಂಗಸರನ್ನು ಹೆಂಗಸರೇ, ಗಂಡಸರನ್ನು ಗಂಡಸರೇ ಪ್ರಶ್ನಿಸುವ ವ್ಯವಸ್ಥೆ ಇತ್ತು. ಭ್ರಷ್ಟಾಚಾರ ದೇಶದ ದೊಡ್ಡ ಸಮಸ್ಯೆ ಅಂದವರು ಹತ್ತರಲ್ಲಿ ಎಂಟು ಮಂದಿ.

ಇಂಥ ಅಂಕಿ ಓದುವಾಗ ಮೂರು ವಿಷಯ ನೆನಪಿಡಿ. ಒಂದು, ಅಭಿಪ್ರಾಯ ಬೇರೆ, ಅನುಭವ ಬೇರೆ. 'ಕೋರ್ಟು ಕೆಟ್ಟದ್ದು ಅನ್ಸುತ್ತಾ' ಅನ್ನೋದಕ್ಕೂ 'ಕಳೆದ ವರ್ಷ ನೀವು ಲಂಚ ಕೊಟ್ರಾ' ಅನ್ನೋದಕ್ಕೂ ತುಂಬಾ ಅಂತರ ಇದೆ. ಎರಡು, ಕಾಳಗ ನಡೆಯುತ್ತಿರುವ ಹಳ್ಳಿಗೆ ಸಮೀಕ್ಷೆಯವರು ಹೋಗಲಾಗದೆ ಬೇರೆ ಹಳ್ಳಿ ಆರಿಸಿಕೊಳ್ತಾರೆ. ನ್ಯಾಯದ ಕೊರತೆ ಎಲ್ಲಿ ಹೆಚ್ಚೋ ಅಲ್ಲಿಯ ದನಿಯೇ ಸ್ಯಾಂಪಲ್‌ನಿಂದ ಜಾರಿಹೋಗಬಹುದು. ಮೂರು, ಜಿರ್ಗಾ ಬಗ್ಗೆ ತೃಪ್ತಿ ಇದೆಯಾ ಅಂತ ಕೇಳಿದರೆ ಅದಕ್ಕೆ ಹೋಗಲು ಸಾಧ್ಯವಾದವರು ಉತ್ತರಿಸುತ್ತಾರೆ. ಬಾದ್‌ನಲ್ಲಿ ಹೋದ ಹುಡುಗಿಯ ಮನೆ ಬಾಗಿಲನ್ನು ಯಾರು ತಟ್ಟುತ್ತಾರೆ?

2021ರ ನಂತರ

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿಯಿತು. 2004ರ ಸಂವಿಧಾನ ಬದಿಗೆ ಸರಿಯಿತು. ಅದುವರೆಗೆ ಕೆಲಸ ಮಾಡುತ್ತಿದ್ದ 250ಕ್ಕೂ ಹೆಚ್ಚು ಮಹಿಳಾ ನ್ಯಾಯಾಧೀಶರ ಹುದ್ದೆ ಹೋಯಿತು. ಜೈಲುಗಳು ತೆರೆದಾಗ ಅವರು ಶಿಕ್ಷೆ ಕೊಟ್ಟಿದ್ದವರೂ ಹೊರಬಂದಿದ್ದರಿಂದ ಅನೇಕರು ಅಡಗಿದರು, ದೇಶ ಬಿಟ್ಟರು. ಮಹಿಳಾ ಸಚಿವಾಲಯ ಇದ್ದ ಕಟ್ಟಡದಲ್ಲಿ ಸದಾಚಾರ ಪ್ರಸಾರ ಮತ್ತು ದುರಾಚಾರ ತಡೆ ಸಚಿವಾಲಯ ಬಂತು. ವಕೀಲರ ಸ್ವತಂತ್ರ ಸಂಘವನ್ನು ಕಾನೂನು ಸಚಿವಾಲಯ ವಶಕ್ಕೆ ತೆಗೆದುಕೊಂಡಿತು. 2022ರ ಮೇನಲ್ಲಿ ಮಾನವ ಹಕ್ಕು ಆಯೋಗವನ್ನು ವಿಸರ್ಜಿಸಿದರು.

ಇಲ್ಲೊಂದು ಸೂಕ್ಷ್ಮ ಇದೆ. 2021ರ ಡಿಸೆಂಬರ್‌ನಲ್ಲಿ ತಾಲಿಬಾನ್ ನಾಯಕ ಹೈಬತುಲ್ಲಾ ಅಖುಂದ್‌ಜಾದಾ ಒಂದು ಆದೇಶ ಹೊರಡಿಸಿದರು. ಹೆಣ್ಣನ್ನು ಬಲವಂತದಿಂದ ಮದುವೆ ಮಾಡುವಂತಿಲ್ಲ, ಜಗಳ ತೀರಿಸಲು ಕೊಡುವಂತಿಲ್ಲ, ವಿಧವೆಗೆ ಆಸ್ತಿಯಲ್ಲಿ ಪಾಲಿದೆ. ಓದಿದರೆ ಒಳ್ಳೆಯ ನಿಯಮವೇ. ಆದರೆ ಬಾದ್‌ಗೆ ಒಳಗಾಗುವ ಹುಡುಗಿ ಈಗ ದೂರು ಕೊಡಬೇಕಾದರೆ ಅವಳ ಮುಂದೆ ಮಹಿಳಾ ನ್ಯಾಯಾಧೀಶೆ ಇಲ್ಲ, ಕೆಲಸ ಮಾಡಲು ಪರವಾನಗಿ ಇರುವ ಮಹಿಳಾ ವಕೀಲೆ ಇಲ್ಲ, ಮಹಿಳಾ ಸಚಿವಾಲಯ ಇಲ್ಲ, ಮಾನವ ಹಕ್ಕು ಆಯೋಗ ಇಲ್ಲ. ನಿಯಮ ಇದೆ, ಅದರ ಹತ್ತಿರ ಹೋಗುವ ಮೆಟ್ಟಿಲುಗಳೇ ಇಲ್ಲ.

2022ರ ಡಿಸೆಂಬರ್ 7ರಂದು ಫರಾ ಪ್ರಾಂತ್ಯದಲ್ಲಿ ತಾಲಿಬಾನ್ ಮರಳಿದ ಮೇಲಿನ ಮೊದಲ ಬಹಿರಂಗ ಮರಣದಂಡನೆ ನಡೆಯಿತು. 2024ರ ಆಗಸ್ಟ್‌ನಲ್ಲಿ 35 ವಿಧಿಗಳ ಸದಾಚಾರ ಕಾನೂನು ಬಂತು. ಹೆಣ್ಣಿನ ದನಿಯೂ ಹೊರಗೆ ಕೇಳಬಾರದು ಅಂತ ಅದರಲ್ಲಿ ಇದೆ. 'ಮುಹ್ತಸಿಬ್' ಅನ್ನೋ ಅಧಿಕಾರಿ ತಪ್ಪು ಕಂಡಲ್ಲೇ ಶಿಕ್ಷಿಸಬಹುದು, ಮೂರು ದಿನದವರೆಗೆ ಬಂಧನದಲ್ಲಿ ಇಡಬಹುದು. ತಪ್ಪು ಅಂತ ನೋಡುವವನೂ ಅವನೇ, ತೀರ್ಮಾನಿಸುವವನೂ ಅವನೇ, ಶಿಕ್ಷಿಸುವವನೂ ಅವನೇ. ಈ ಮೂರು ಕೆಲಸಗಳನ್ನು ಬೇರೆ ಬೇರೆ ಕೈಗೆ ಕೊಡುವುದರಿಂದಲೇ ಕೋರ್ಟು ಅನ್ನೋದು ಹುಟ್ಟಿದ್ದು.

ಅಫ್ಘಾನಿಸ್ತಾನ 2003ರಲ್ಲೇ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಸದಸ್ಯ ದೇಶವಾಗಿತ್ತು. ಆ ಸಹಿಯ ಬಲದಿಂದಲೇ 2025ರ ಜುಲೈ 8ರಂದು ಹೇಗ್‌ನಲ್ಲಿರುವ ಆ ಕೋರ್ಟು ಅಖುಂದ್‌ಜಾದಾ ಮತ್ತು ತಾಲಿಬಾನ್‌ನ ಮುಖ್ಯ ನ್ಯಾಯಾಧೀಶ ಅಬ್ದುಲ್ ಹಕೀಮ್ ಹಕ್ಕಾನಿ ಇಬ್ಬರ ಮೇಲೂ ಬಂಧನದ ವಾರಂಟ್ ಹೊರಡಿಸಿತು. ಆರೋಪ, ಲಿಂಗದ ಆಧಾರದ ಮೇಲೆ ಹೆಣ್ಣುಮಕ್ಕಳ ಕಿರುಕುಳ. ಒಂದು ದೇಶದ ಮುಖ್ಯ ನ್ಯಾಯಾಧೀಶನ ಹೆಸರೇ ವಾರಂಟಿನಲ್ಲಿ! ಹಿಡಿದು ತರುವ ಪೊಲೀಸರು ಆ ಕೋರ್ಟಿಗೆ ಇಲ್ಲ. ಮೊದಲ ಪ್ರಶ್ನೆಗೂ ಮೂರನೆಯದಕ್ಕೂ ಅದು ಕಾಗದದ ಮೇಲೆ ಉತ್ತರ ಕೊಟ್ಟಿದೆ, ಎರಡನೆಯದು, ಅಂದ್ರೆ ಜಾರಿ, ಬಾಕಿ ಇದೆ.

ನಾವು ತಿಳಿದದ್ದು

ಹಣದ ಕೊರತೆಯಿಂದ ಹೀಗಾಯಿತಾ? ಇಲ್ಲ. ನ್ಯಾಯ ವ್ಯವಸ್ಥೆ ಕಟ್ಟುವ ಜವಾಬ್ದಾರಿಯನ್ನು ಮೊದಲಿಗೆ ಇಟಲಿ ವಹಿಸಿಕೊಂಡಿತ್ತು. ಅಮೆರಿಕ 2003ರ ನಂತರದ ಸುಮಾರು ಹನ್ನೆರಡು ವರ್ಷದಲ್ಲಿ ಕಾನೂನಿನ ಆಳ್ವಿಕೆಯ ಯೋಜನೆಗಳಿಗೆಂದೇ 100 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಭಾರತ ಕಾಬೂಲಿನಲ್ಲಿ ಸಂಸತ್ ಭವನವನ್ನೇ ಕಟ್ಟಿಕೊಟ್ಟಿತು, 2015ರ ಡಿಸೆಂಬರ್ 25ರಂದು ಅದು ಉದ್ಘಾಟನೆಯಾಯಿತು. ಕಟ್ಟಡ ಈಗಲೂ ಇದೆ, ಅದರಲ್ಲಿ ಕೂತು ಕಾನೂನು ಮಾಡಲು ಚುನಾಯಿತ ಸದಸ್ಯರು ಇಲ್ಲ.

ಕಟ್ಟಡ, ಸಂಹಿತೆ, ತರಬೇತಿ ಇವೆಲ್ಲ ಎಣಿಸಲು ಸುಲಭ, ರಿಪೋರ್ಟಿನಲ್ಲಿ ಚೆನ್ನಾಗಿ ಕಾಣುತ್ತವೆ. ರೈತನ ಹೊಲ ಅವನಿಗೆ ವಾಪಸ್ ಬಂತಾ ಅನ್ನೋದನ್ನು ಎಣಿಸಲು ಕಷ್ಟ. ಅಳೆಯಲು ಸುಲಭವಾದದ್ದನ್ನು ಅಳೆದು ಕೆಲಸ ಆಯಿತು ಅಂದುಕೊಳ್ಳುವ ಅಪಾಯ ನಮ್ಮ ವೃತ್ತಿಯಲ್ಲೂ ಇದೆ.

ಮೂರು ಬಾಗಿಲುಗಳಲ್ಲಿ ಒಂದೊಂದಕ್ಕೂ ಒಂದು ಗುಣ ಇತ್ತು. ಸರ್ಕಾರಿ ಕೋರ್ಟಿಗೆ ಬರೆದ ಹಕ್ಕುಗಳಿದ್ದವು, ಜಿರ್ಗಾಕ್ಕೆ ಊರಿನ ನಂಬಿಕೆ ಇತ್ತು, ತಾಲಿಬಾನ್ ಕೋರ್ಟಿಗೆ ವೇಗ ಇತ್ತು. ಮೂರರಲ್ಲೂ ಇಲ್ಲದೆ ಹೋದದ್ದು ಒಂದೇ. ಬಲ ಇಲ್ಲದವಳು ಬಲ ಇರುವವನ ಮೇಲೆ ದೂರು ಕೊಟ್ಟು, ಆ ದೂರನ್ನು ಕೊನೆಯವರೆಗೆ ಜೀವ ಉಳಿಸಿಕೊಂಡು ನಡೆಸಬಹುದು ಅನ್ನೋ ಭರವಸೆ. ಕಾನೂನಿನ ಆಳ್ವಿಕೆಯನ್ನು ಅಳೆಯಬೇಕಾದ ಜಾಗ ಅದು.

ಚರ್ಚೆಗೆ ಪ್ರಶ್ನೆಗಳು

1. ಜಿರ್ಗಾದ 'ವಾಕ್' ಮತ್ತು 'ಮಚಲ್ಗಾ' ಪದ್ಧತಿಯಲ್ಲಿ ಕೋರ್ಟುಗಳು ಕಲಿಯಬಹುದಾದದ್ದು ಏನಾದರೂ ಇದೆಯಾ? ನಮ್ಮ ಲೋಕ ಅದಾಲತ್‌ಗೂ ಜಿರ್ಗಾಕ್ಕೂ ಇರುವ ಮುಖ್ಯ ವ್ಯತ್ಯಾಸ ಯಾವುದು?

2. ಪಗ್ಮಾನ್ ಪ್ರಕರಣದಲ್ಲಿ ನೀವು ನ್ಯಾಯಾಧೀಶರಾಗಿದ್ದರೆ ಹೊರಗಿನ ಜನರ ಕೂಗಿಗೆ ಏನು ಉತ್ತರ ಕೊಡುತ್ತಿದ್ದಿರಿ?

3. ಒಂದು ಊರಿನಲ್ಲಿ ನ್ಯಾಯ ಸಿಗುತ್ತಿದೆಯಾ ಅಂತ ತಿಳಿಯಲು ಐದೇ ಪ್ರಶ್ನೆಗಳ ಸಮೀಕ್ಷೆ ಮಾಡಬೇಕು ಅಂದುಕೊಳ್ಳಿ. ಆ ಐದು ಪ್ರಶ್ನೆ ಯಾವುವು, ಮೊದಲು ಯಾರನ್ನು ಕೇಳುತ್ತೀರಿ?